ಬಾಗಿಲಾಚೆ ನಿಂತವಳು

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಜೈನ ಸಮಾಜದವರು ನಡೆಸುತ್ತಿದ್ದ ಧರ್ಮ ಔಷಧಾಲಯದಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದು ಡಾಕ್ಟರಿಗೆ, ಇನ್ನೊಂದು ಬಂದವರಲ್ಲಿ ಹಿರಿಯರಾದವರಿಗೆ. ಹಾಗಂತ ಯಾರೂ ಬರೆದು ಗೋಡೆಗೆ ಅಂಟಿಸಿರಲಿಲ್ಲ. ರೋಗಿ ಬಾಣಂತಿಯಾದರೂ ಸರಿ, ಹಾಲು ಕುಡಿಯುವ ಕೂಸಾದರೂ ಸರಿ, ಕುರ್ಚಿಯಲ್ಲಿ ಕೂರುವವರು ಮನೆಯ ಯಜಮಾನರು. ಕಾಯಿಲೆಯ ಕಥೆ ಹೇಳುವವರೂ ಅವರೇ. ಕೂಸು ಅಜ್ಜಿಯ ತೊಡೆಯ ಮೇಲಿರುತ್ತಿತ್ತು. ಹೆತ್ತವಳು ತಲೆ ತುಂಬ ಸೆರಗು ಹೊದ್ದು ಬಾಗಿಲಾಚೆ ಜಗಲಿಯ ಮೇಲೆ ನಿಂತಿರುತ್ತಿದ್ದಳು. ಮಾವನ ಎದುರು ಬಾಯಿ ತೆರೆಯುವ ಪದ್ಧತಿ ಇಲ್ಲವಲ್ಲ.

ತ್ರಿಶಲಾ ಆ ಡಾಕ್ಟರ ಕುರ್ಚಿಯಲ್ಲಿ ಕೂತು ಮೂರು ತಿಂಗಳಾಗಿತ್ತು. ಜವಳಿ ಅಂಗಡಿಯ ನೇಮಿರಾಜಯ್ಯನವರ ಮಗಳು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು ಊರಿಗೆ ಬಂದಿದ್ದಳು. ಮಕ್ಕಳ ವೈದ್ಯಕೀಯದ ಎರಡು ವರ್ಷದ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು. ೧೯೮೪ರ ಜುಲೈ ಎರಡು, ಸೋಮವಾರ, ಮೈಸೂರಿನಲ್ಲಿ ಹಾಜರಾಗಬೇಕು. ಅಲ್ಲಿಯವರೆಗೆ ಸುಮ್ಮನೆ ಯಾಕೆ ಕೂರುವುದೆಂದು ಅಪ್ಪನೇ ಈ ಔಷಧಾಲಯಕ್ಕೆ ಸೇರಿಸಿದ್ದರು.

ಮನೆಯಲ್ಲಿ ಆ ಸೀಟಿನ ಬಗ್ಗೆ ಅಂಥ ಸಂಭ್ರಮವೇನೂ ಇರಲಿಲ್ಲ. ಹೆಣ್ಣುಮಗಳು ಡಾಕ್ಟರಾದರೆ ಹೆರಿಗೆ ಡಾಕ್ಟರೇ ಆಗಬೇಕು ಎಂಬುದು ತಾಯಿ ಧರ್ಮಾವತಿಯ ಲೆಕ್ಕ. "ಹೆರಿಗೆ ಮಾಡ್ಸೋದು ಬಿಟ್ಟು, ಹುಟ್ಟಿದ ಮಗೂಗೆ ಮೂಗು ಒರೆಸೋಕೆ ಇಷ್ಟು ಓದ್ಬೇಕಾ?" ಎನ್ನುತ್ತಿದ್ದಳು. ತ್ರಿಶಲಾಳಿಗೆ ಉತ್ತರಗಳೆಲ್ಲ ಮಾತು ಮುಗಿದು ಅರ್ಧ ಗಂಟೆಯಾದ ಮೇಲೆ ಹೊಳೆಯುತ್ತಿದ್ದವು.

ಅವಳನ್ನು ಆ ದಾರಿಗೆ ಎಳೆದದ್ದು ಮಕ್ಕಳ ವಾರ್ಡು. ದೊಡ್ಡವರ ವಾರ್ಡಿನಲ್ಲಿ ಕಾಯಿಲೆ ತಿಂಗಳುಗಟ್ಟಲೆ ಎತ್ತಿನಗಾಡಿಯ ಹಾಗೆ ಸಾಗುತ್ತಿತ್ತು. ಮಕ್ಕಳದ್ದು ಹಾಗಲ್ಲ. ಬೆಳಿಗ್ಗೆ ಕೈಬಿಟ್ಟ ಮಗು ಸಂಜೆ ಎದ್ದು ಕೂತು ಬನ್ನು ಕೇಳುತ್ತಿತ್ತು. ಬೆಳಿಗ್ಗೆ ನಗುತ್ತಿದ್ದದ್ದು ಸಂಜೆಗೆ ಇರುತ್ತಿರಲಿಲ್ಲ. ಆ ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಶಾಂತಾದೇವಿ, ಕುಳ್ಳಗೆ, ಗುಂಡಗೆ ಇದ್ದ ಹೆಂಗಸು. ಮಗುವಿನ ಜೊತೆ ಬಂದ ತಾತನನ್ನು ಕಾಫಿಗೆ, ಅಜ್ಜಿಯನ್ನು ಬಿಸಿನೀರಿಗೆ ಅಟ್ಟಿ, ತಾವು ಹೋಗಿ ತಾಯಿಯ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. "ನಮ್ಮ ರೋಗಿಗೆ ಬಾಯಿಲ್ಲ ಕಣಮ್ಮ. ಮಗುವಿನ ಬಟ್ಟೆ ಒಗೆಯೋರು ಯಾರು ಅಂತ ಮೊದಲು ಕೇಳು. ಅವಳೇ ನಿನ್ನ ಪುಸ್ತಕ," ಎಂದಿದ್ದರು. ತ್ರಿಶಲಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಗೆರೆಯನ್ನೂ ಎಳೆದಿದ್ದಳು.

ಜೂನ್ ಇಪ್ಪತ್ತೈದು, ಸೋಮವಾರ ಬೆಳಿಗ್ಗೆ ಹುಲಿಕೆರೆಯ ಜಯದೇವಪ್ಪನವರ ಗಾಡಿ ಔಷಧಾಲಯದ ಮುಂದೆ ನಿಂತಿತು. ತೆಂಗಿನ ತೋಟದ ದೊಡ್ಡ ಕುಳ, ಮಠದವರಿಗೆ ಬೇಕಾದವರು, ನೇಮಿರಾಜಯ್ಯನ ಅಂಗಡಿಗೆ ಮೂವತ್ತು ವರ್ಷದ ಗಿರಾಕಿ. ತ್ರಿಶಲಾ ಲಂಗ ಹಾಕುತ್ತಿದ್ದಾಗಿನಿಂದ ಅವಳ ಕೈಗೆ ಕೊಬ್ಬರಿ ಬೆಲ್ಲ ಕೊಡುತ್ತಿದ್ದವರು. ಅವರು ಬಂದು ಕುರ್ಚಿಯಲ್ಲಿ ಕೂತಾಗ ತ್ರಿಶಲಾಳಿಗೆ ತಾನು ಎದ್ದು ನಿಲ್ಲಬೇಕು ಅನ್ನಿಸಿತು. ಅರ್ಧ ಎದ್ದೂ ಇದ್ದಳು.

"ಕೂತ್ಕೊ ಮಗಳೇ, ಕೂತ್ಕೊ. ನೀನೀಗ ಡಾಕ್ಟ್ರು," ಎಂದು ಜಯದೇವಪ್ಪ ನಕ್ಕರು. "ನಮ್ಮ ಮೊಮ್ಮಗ ಕಣವ್ವ, ಮರುಳಸಿದ್ದ. ಎಂಟು ತಿಂಗಳು ತುಂಬ್ತು. ನೆನ್ನೆಯಿಂದ ಒಂದೇ ಸಮ ರಚ್ಚೆ. ಎರಡು ಸಲ ವಾಂತಿ. ಹೊಟ್ಟೇನೂ ಕೆಟ್ಟೈತೆ."

"ಹಲ್ಲಿನ ಬೇಧಿ," ಎಂದಳು ಮಗುವನ್ನು ಎತ್ತಿಕೊಂಡಿದ್ದ ಗುರುಸಿದ್ದಮ್ಮ, ಜಯದೇವಪ್ಪನವರ ಹೆಂಡತಿ. "ಇವನಪ್ಪಂಗೂ ಹಿಂಗೇ ಆಗಿತ್ತು. ಅರಸೀಕೆರೆ ಕೊಬ್ಬರಿ ಮಂಡೀಲಿ ಅವ್ನೆ ಈಗ, ಎಮ್ಮೆ ಹಂಗೆ."

ಔಷಧ ಕಟ್ಟುತ್ತಿದ್ದ ಕಾಂಪೌಂಡರ್ ಗಿಡ್ಡಯ್ಯ ಒಳಗಿನಿಂದಲೇ, "ಎಮ್ಮೆಗೆ ಹಲ್ಲು ಬಂದ್ರೆ ಕೊಬ್ಬರಿ ಉಳೀತದಾ ಅಮ್ಮಾರೆ?" ಎಂದ. ಎಲ್ಲರೂ ನಕ್ಕರು.

ತ್ರಿಶಲಾ ಮಗುವನ್ನು ಮಂಚದ ಮೇಲೆ ಮಲಗಿಸಿದಳು. ಜ್ವರವಿರಲಿಲ್ಲ. ಹೊಟ್ಟೆ ಮೆತ್ತಗಿತ್ತು. ಮೈ ಬಿಳಚಿಕೊಂಡು, ಅತ್ತು ಸುಸ್ತಾದಂತೆ ಸುಮ್ಮನೆ ಬಿದ್ದಿತ್ತು. ಒಮ್ಮೆ ಮಾತ್ರ ಇದ್ದಕ್ಕಿದ್ದಂತೆ ಮಂಡಿ ಎರಡನ್ನೂ ಹೊಟ್ಟೆಗೆ ಎಳೆದುಕೊಂಡು ಕಿಟಾರನೆ ಕಿರುಚಿತು. ನಿಮಿಷದಲ್ಲಿ ಮತ್ತೆ ತಣ್ಣಗಾಯಿತು.

"ಬಟ್ಟೆ... ಮಲ ಹೇಗೆ ಹೋಗ್ತಿದೆ?" ಎಂದು ಕೇಳಿದಳು. ಆ ಮಾತನ್ನು ಜಯದೇವಪ್ಪನವರ ಮುಖ ನೋಡಿ ಕೇಳುವುದು ಅವಳಿಂದಾಗಲಿಲ್ಲ; ಮಂಚದ ಕಾಲನ್ನು ನೋಡಿ ಕೇಳಿದಳು.

"ಹೆಂಗಿರುತ್ತೆ, ಹಲ್ಲು ಬರೋ ಮಗೂಗೆ ಇರೋ ಹಂಗೇ," ಎಂದು ಜಯದೇವಪ್ಪನವರೇ ಉತ್ತರ ಕೊಟ್ಟರು. "ನೀರುನೀರು. ರಾತ್ರಿಯಿಂದ ಕಡಿಮೆ ಆಗೈತೆ."

ಆಗ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಸೊಸೆ ಸುವರ್ಣ. ಇಪ್ಪತ್ತು ತುಂಬಿರಲಿಕ್ಕಿಲ್ಲ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು, ಒಂದು ಕೈ ಮಡಿಲನ್ನು ಅವುಚಿ ಹಿಡಿದಿತ್ತು. ತ್ರಿಶಲಾಳನ್ನೇ ನೋಡುತ್ತಿದ್ದಳು. ತುಟಿ ಅಲುಗಿತು. ತ್ರಿಶಲಾ ನೋಡಿದಳು, ನೋಡಿದ್ದನ್ನು ಮನಸ್ಸಿಗೂ ತಂದುಕೊಂಡಳು. 'ಇವರನ್ನು ಒಂದು ನಿಮಿಷ ಆಚೆ ಕಳಿಸಬೇಕು' ಎಂದುಕೊಂಡಳು. ಹೇಗೆ? 'ದೊಡ್ಡಪ್ಪ, ಸ್ವಲ್ಪ ಎದ್ದು ಹೊರಗೆ ಹೋಗಿ' ಎಂದು ಜಯದೇವಪ್ಪನವರಿಗೆ ಹೇಳುವುದೆ? ಮಲದ್ವಾರದಲ್ಲಿ ಬೆರಳಿಟ್ಟು ನೋಡುವ ಪರೀಕ್ಷೆಯೊಂದಿತ್ತು. ಹಾಗೆ ಅಳುವ ಕೂಸಿಗೆ ಅದನ್ನು ಬಿಡಲೇಬಾರದು ಎಂದು ವಾರ್ಡಿನಲ್ಲಿ ಕಲಿಸಿದ್ದರು. ಅಷ್ಟು ಜನ ಹಿರಿಯರ ಮುಂದೆ ಅದನ್ನೂ ಬಿಟ್ಟಳು.

"ಹಲ್ಲಿಂದೇ ತಾನೆ ಮಗಳೇ?"

"ಹಾಗೇ ಕಾಣುತ್ತೆ ದೊಡ್ಡಪ್ಪ," ಎಂದಳು. ಕುದಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಬೆರೆಸಿ ಚಮಚದಲ್ಲಿ ಕುಡಿಸಲು ಹೇಳಿದಳು. ಮಗು ಮಂಕಾದರೆ, ಹೊಟ್ಟೆ ಉಬ್ಬಿದರೆ ಕೂಡಲೇ ತರಬೇಕು ಎಂದಳು. ಗಾಡಿ ಹತ್ತುವ ಮುಂಚೆ ಸುವರ್ಣ ಎರಡು ಹೆಜ್ಜೆ ಹಿಂದೆ ಬಂದಳು. "ಬಾರೇ, ಬಿಸಿಲೇರ್ತೈತೆ. ಅಲ್ಲೇನು ನೋಡ್ತಾ ನಿಂತೆ?" ಎಂದು ಗುರುಸಿದ್ದಮ್ಮ ಗಾಡಿಯಿಂದ ಕೂಗಿದಳು. ಅವಳು ತಿರುಗಿ ಹೋದಳು.

ಅವತ್ತು ತ್ರಿಶಲಾಳಿಗೆ ಬೇಲೂರಿನಲ್ಲಿ ಕೆಲಸವಿತ್ತು. ಮೈಸೂರಿಗೆ ಕೊಡಬೇಕಾದ ಅಂಕಪಟ್ಟಿಗಳ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತು. ಹನ್ನೊಂದರ ಬಸ್ಸು ಹಿಡಿದು ಹೋಗಿ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಮೂರು ತಾಸು ಕಾದಳು. ಸಹಿ ಹಾಕುತ್ತ ಅಧಿಕಾರಿ, "ಏನಮ್ಮ, ಮಕ್ಕಳ ಡಾಕ್ಟರಾ? ಹಂಗಾದ್ರೆ ಅರ್ಧ ಟಿಕೆಟ್ ಡಾಕ್ಟ್ರು ಅನ್ನು!" ಎಂದು ತಾವೇ ನಕ್ಕರು. ಅವಳೂ ನಗಬೇಕಾಯಿತು. ನಗುತ್ತಿರುವಾಗಲೇ ಆ ಕಿಟಕಿಯ ಮುಖ ನೆನಪಾಯಿತು. ಮಡಿಲು ಹಿಡಿದ ಕೈ. ಅದರಲ್ಲೇನಿತ್ತು?

ವಾಪಸು ಬರುವ ಹೊತ್ತಿಗೆ ಹೊತ್ತು ಇಳಿದಿತ್ತು. ಹುಲಿಕೆರೆ ದೂರವೇನಲ್ಲ, ನಡೆದರೆ ಮುಕ್ಕಾಲು ಗಂಟೆ. ಆದರೆ ಮನೆಯಲ್ಲಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಯಬೇಕು, ತಾಯಿ ಎಲೆ ಹಾಕಿ ಕಾಯುತ್ತಿದ್ದಳು. ಕರೆಯದ ಮನೆಗೆ ಹೋಗಿ 'ನಿಮ್ಮ ಸೊಸೆ ಜೊತೆ ಮಾತಾಡಬೇಕು' ಎಂದರೆ ಅವರೇನೆಂದುಕೊಳ್ಳುತ್ತಾರೆ? ನಾಳೆ ಬೆಳಿಗ್ಗೆಯೇ ಹೋದರಾಯಿತು ಎಂದುಕೊಂಡು ಊಟಕ್ಕೆ ಕೂತಳು.

ಬೆಳಿಗ್ಗೆ ಅವಳು ಹೊರಡುವ ಮೊದಲೇ ಗಾಡಿ ಬಂತು. ಈ ಸಲ ಎತ್ತುಗಳ ಬಾಯಲ್ಲಿ ನೊರೆ. ಮಗುವನ್ನು ಎತ್ತಿಕೊಂಡು ಇಳಿದವಳು ಸುವರ್ಣ. ಬಾಗಿಲಲ್ಲಿ ನಿಲ್ಲಲಿಲ್ಲ. ಸೆರಗು ತಲೆಯಿಂದ ಜಾರಿ ಹೆಗಲ ಮೇಲೆ ಬಿದ್ದಿತ್ತು. ಮಾವನನ್ನು ದಾಟಿಕೊಂಡು ಒಳಗೆ ಬಂದು ಮಗುವನ್ನು ಮಂಚದ ಮೇಲಿಟ್ಟು, ಮಡಿಲಿನಿಂದ ಒಂದು ಬಟ್ಟೆ ತೆಗೆದು ತ್ರಿಶಲಾಳ ಮುಖದ ಮುಂದೆ ಹಿಡಿದಳು. ಬಟ್ಟೆಯಲ್ಲಿ ರಕ್ತ ಮತ್ತು ಲೋಳೆ, ನೇರಳೆ ಹಣ್ಣು ಹಿಸುಕಿದಂತೆ.

"ನೆನ್ನೇನೂ ಮಡಿಲಲ್ಲಿ ತಂದಿದ್ದೆ," ಎಂದಳು. "ನೀವು ಕೇಳ್ತೀರಿ ಅಂತ."

ಮಗುವಿನ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಕಣ್ಣು ಅರ್ಧ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ತ್ರಿಶಲಾಳಿಗೆ ಎಲ್ಲ ಒಂದೇ ಸಲ ತಿಳಿಯಿತು. ರವಿಕೆಯ ತೋಳನ್ನು ಎಳೆದು ಬಿಚ್ಚುವಾಗ ತೋಳು ತನ್ನೊಳಗೇ ಮಡಚಿಕೊಳ್ಳುತ್ತದಲ್ಲ, ಹಾಗೆ ಕರುಳಿನ ಒಂದು ತುಂಡು ಇನ್ನೊಂದರೊಳಗೆ ಹೊಕ್ಕುಬಿಡುತ್ತದೆ. ಎಂಟೊಂಬತ್ತು ತಿಂಗಳ ಕೂಸುಗಳಿಗೇ ಹೆಚ್ಚು. ಹೊತ್ತಿಗೆ ಸರಿಯಾಗಿ ಬಿಡಿಸಿದರೆ ಮಗು ವಾರದಲ್ಲಿ ಮನೆಗೆ ಹೋಗುತ್ತದೆ. ಒಂದು ದಿನ ತಡವಾದರೆ ಆ ಕರುಳು ಒಳಗೇ ಸಾಯುತ್ತದೆ.

"ಹಾಸನಕ್ಕೆ. ಈಗಲೇ. ಆಪರೇಷನ್ ಆಗ್ಬೇಕು," ಎಂದಳು. ಅವಳ ದನಿ ಆ ಕೋಣೆಯಲ್ಲಿ ಮೊದಲ ಸಲ ಅಷ್ಟು ಜೋರಾಗಿ ಕೇಳಿಸಿತು.

ದೇವಸ್ಥಾನದ ಮುಂದೆ ಪ್ರವಾಸಿಗಳನ್ನು ತಂದಿದ್ದ ಒಂದು ಅಂಬಾಸಿಡರ್ ನಿಂತಿತ್ತು. ಗಿಡ್ಡಯ್ಯ ಓಡಿಹೋಗಿ ಡ್ರೈವರನ ಕೈಕಾಲು ಹಿಡಿದ. ಕಲ್ಲಿನ ಆನೆಗಳ ಸಾಲು ನೋಡುತ್ತಿದ್ದ ಆ ಪ್ರವಾಸಿಗಳು, ಯಾರೋ ಏನೋ ಪುಣ್ಯವಂತರು, "ತಗೊಂಡು ಹೋಗಿ, ನಾವು ಬಸ್ಸಿಗೆ ಬರ್ತೀವಿ" ಎಂದರು. ದಾರಿಯುದ್ದಕ್ಕೂ ಸುವರ್ಣ ಮಗುವಿನ ಕಿವಿಯಲ್ಲಿ ಏನೋ ಪಿಸುಗುಡುತ್ತಿದ್ದಳು. ಅದನ್ನು ಕೇಳಿಸಿಕೊಳ್ಳುವ ಹಕ್ಕು ತನಗಿಲ್ಲವೆಂಬಂತೆ ತ್ರಿಶಲಾ ಕಿಟಕಿಯ ಕಡೆ ಮುಖ ಮಾಡಿದ್ದಳು.

ಹಾಸನದಲ್ಲಿ ಸರ್ಜನ್ ಹೊಟ್ಟೆ ತೆರೆದರು. ಒಂದು ಮೊಳ ಕರುಳು ಕಪ್ಪಾಗಿತ್ತು. ಕತ್ತರಿಸಿ ಹೊಲಿದರು. ಮರುಳಸಿದ್ದ ಸಂಜೆ ಐದರವರೆಗೆ ಉಸಿರಾಡಿದ. ಕೈ ತೊಳೆಯುತ್ತ ಸರ್ಜನ್, ಅವಳೂ ಡಾಕ್ಟರೆಂದು ತಿಳಿದು, ತಮ್ಮವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: "ನಿನ್ನೆ ಬೆಳಿಗ್ಗೆ ಬಂದಿದ್ದಿದ್ರೆ ಉಳೀತಿತ್ತಮ್ಮ. ಇವರು ಯಾವಾಗಲೂ ತಡವಾಗೇ ತರ್ತಾರೆ."

ತಡವಾಗಿ ತಂದಿರಲಿಲ್ಲ. ಅದನ್ನು ಅವಳು ಅಲ್ಲಿ ಹೇಳಲಿಲ್ಲ.

ಊರಿನಲ್ಲಿ ಯಾರೂ ಅವಳನ್ನು ದೂರಲಿಲ್ಲ. ಅದೇ ಅವಳಿಗೆ ತಡೆಯದಾಯಿತು. ಅಂಗಡಿಯಲ್ಲಿ, ಬಸದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ, "ಪಾಪ, ಡಾಕ್ಟ್ರಮ್ಮ ತಾವೇ ಹಾಸನಕ್ಕೆ ಹೋದ್ರಂತೆ" ಎನ್ನುತ್ತಿದ್ದರು. ಬುಧವಾರ ಅವಳು ಅಪ್ಪನಿಗೆ, "ನಾನು ಮೈಸೂರಿಗೆ ಹೋಗಲ್ಲ" ಎಂದಳು. ನೇಮಿರಾಜಯ್ಯ ಅಳತೆಕೋಲು ಕೆಳಗಿಟ್ಟು ಮಗಳ ಮುಖ ನೋಡಿದರು. ಗುರುವಾರ ಗಿಡ್ಡಯ್ಯ ಔಷಧದ ಪೊಟ್ಟಣ ಮಡಚುತ್ತ ಸುದ್ದಿ ಹೇಳಿದ: "ಹುಲಿಕೆರೇಲಿ ಆ ಹುಡುಗೀನ ತವರಿಗೆ ಕಳಿಸ್ಬಿಟ್ರಂತೆ ಕಣಮ್ಮ. ಅವಳತ್ತೆ ಹೇಳ್ತಾವ್ಳಂತೆ, ರಕ್ತ ನೋಡಿದೋಳು ಎರಡು ದಿನ ಬಾಯಿ ಮುಚ್ಕೊಂಡು ಕೂತಿದ್ಳು, ಇವಳು ತಾಯಾ ಮಾರಿಯಾ ಅಂತ. ಗಂಡನೂ ತಾಯಿ ಮಾತಿಗೇ ಕಟ್ಟುಬಿದ್ದವ್ನಂತೆ. ಇನ್ನು ಕರೆಸ್ಕೊಳ್ಳಾಕಿಲ್ವಂತೆ."

ತ್ರಿಶಲಾ ಎದ್ದಳು. ಕಾದಿದ್ದ ಆರು ಜನರನ್ನು ಹಾಗೇ ಬಿಟ್ಟು ಹುಲಿಕೆರೆಗೆ ನಡೆದಳು.

ಜಯದೇವಪ್ಪ ತೊಟ್ಟಿಯ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದರು. "ಬಾ ಮಗಳೇ. ನೀನ್ಯಾಕೆ ಬಂದೆ ಈ ಬಿಸಿಲಲ್ಲಿ? ನಿನ್ನ ತಪ್ಪೇನೈತೆ. ಆಯಸ್ಸು ಅಷ್ಟೇ ಇತ್ತು."

"ನನ್ನದೇ ತಪ್ಪು ದೊಡ್ಡಪ್ಪ." ನಿಂತೇ ಹೇಳಿದಳು. ಕೂತರೆ ಮಾತು ಬರುವುದಿಲ್ಲವೆಂದು ಗೊತ್ತಿತ್ತು. "ಸುವರ್ಣ ಬಾಯಿ ಮುಚ್ಕೊಂಡಿರಲಿಲ್ಲ. ಬಟ್ಟೆ ತಂದು ಕಿಟಕಿ ಹತ್ರ ನಿಂತಿದ್ಲು. ನಾನು ನೋಡಿದೆ. ನೀವು ಕೂತಿದ್ರಿ ಅಂತ ಸಂಕೋಚ ಪಟ್ಟು ಅವಳನ್ನ ಕೇಳಲಿಲ್ಲ. ಕೇಳಿದ್ರೆ ಮಗು ಸೋಮವಾರವೇ ಹಾಸನದಲ್ಲಿರ್ತಿತ್ತು."

ಒಳಗಿನಿಂದ ಗುರುಸಿದ್ದಮ್ಮ ಬಂದಳು. "ಈಗ ಬಂದು ಹೇಳ್ತೀಯೇನೇ? ಅಷ್ಟೊಂದು ಓದ್ದೋಳು! ಹೋಗು, ಹೋಗಿ ಮಸಣದಾಗೆ ಮಲಗವ್ನಲ್ಲ, ಅವ್ನಿಗೆ ಹೇಳು!" ಎಂದು ಎದೆಗೆ ಹೊಡೆದುಕೊಂಡಳು. ಅದು ಬೈಗುಳವಾಗಿದ್ದರೂ ತ್ರಿಶಲಾಳಿಗೆ ಆ ವಾರದಲ್ಲಿ ಮೊದಲ ಸಲ ಯಾರೋ ನಿಜ ಮಾತಾಡಿದಂತೆ ಕೇಳಿಸಿತು.

ಜಯದೇವಪ್ಪ ಕಂಬದಿಂದ ಬೆನ್ನು ಬಿಡಿಸಿಕೊಂಡು ನೆಟ್ಟಗೆ ಕೂತರು. ಆಮೇಲೆ, "ಕುರ್ಚಿ ಮೇಲೆ ಕೂತಿದ್ದೋನು ನಾನು," ಎಂದರು. "ನನಗೇನು ಗೊತ್ತಿತ್ತು, ಆ ಬಟ್ಟೆ ನಾನು ಒಂದಿನ ಕಣ್ಣಲ್ಲಿ ನೋಡಿದೋನಲ್ಲ. ಆದ್ರೂ ಗೊತ್ತಿದ್ದೋರ ಹಂಗೆ ಹೇಳ್ದೆ." ಹೆಂಡತಿಯ ಕಡೆ ತಿರುಗಿ, "ಇವಳೇ, ಆ ಹುಡುಗೀನ ಅನ್ನೋದು ಸಾಕು. ಇನ್ನೊಂದು ಮಾತು ಈ ಮನೇಲಿ ಕೇಳಬಾರ್ದು," ಎಂದರು. ಸೊಸೆಯನ್ನು ಕರೆಸಿಕೊಳ್ಳುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಶನಿವಾರ ತ್ರಿಶಲಾ ಅರಸೀಕೆರೆಯ ಬಸ್ಸು ಹತ್ತಿದಳು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಸುವರ್ಣಳ ತವರು. ತಾಯಿ ಶಿವಗಂಗಮ್ಮ ಬಾಗಿಲು ತೆರೆದು, ಯಾರೆಂದು ತಿಳಿದ ಮೇಲೆ ಬಾ ಎನ್ನಲೂ ಇಲ್ಲ, ತಡೆಯಲೂ ಇಲ್ಲ. ನಡುಮನೆಯಲ್ಲಿ ಮಲ್ಲಿಗೆಯ ವಾಸನೆ ತುಂಬಿತ್ತು. ಹಾಲು ಇಂಗಲೆಂದು ಸುವರ್ಣಳ ಎದೆಗೆ ಮಲ್ಲಿಗೆ ಹೂ ಇಟ್ಟು ಬಟ್ಟೆ ಬಿಗಿದು ಕಟ್ಟಿದ್ದರು. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತ್ರಿಶಲಾ ಎದುರಿಗೆ ನೆಲದ ಮೇಲೆ ಕೂತಳು.

"ನಿಮ್ಮ ಮಾವನಿಗೆ ಹೇಳಿ ಬಂದೆ," ಎಂದಳು. "ತಪ್ಪು ನಿನ್ನದಲ್ಲ ಅಂತ."

"ಅವರು ನಂಬಿದ್ರೆ ಏನು, ಬಿಟ್ರೆ ಏನು." ಸುವರ್ಣಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ, "ಅವನಿಗೆ ತುಂಬ ನೋವಾಯ್ತಾ?" ಎಂದು ಕೇಳಿದಳು.

ಇಲ್ಲ ಎನ್ನಬಹುದಿತ್ತು. "ಹೂಂ," ಎಂದಳು ತ್ರಿಶಲಾ. "ಬಿಟ್ಟು ಬಿಟ್ಟು ಬರ್ತಿತ್ತು. ಕೊನೇಲಿ ಇರಲಿಲ್ಲ. ಕೊನೇ ಹೊತ್ತಲ್ಲಿ ಏನೂ ಗೊತ್ತಾಗ್ತಿರಲಿಲ್ಲ."

ಸುವರ್ಣ ತಲೆಯಾಡಿಸಿದಳು, ತನಗೆ ಮೊದಲೇ ಗೊತ್ತಿದ್ದದ್ದನ್ನು ಇನ್ನೊಬ್ಬರು ಹೇಳಿದರೆಂಬಂತೆ.

"ಮೊದಲು ಯಾವಾಗ ಅತ್ತ?" ಎಂದು ತ್ರಿಶಲಾ ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ತಿಳಿಯದು. ಈಗ ಕೇಳಿ ಯಾರಿಗೆ ಔಷಧ ಕೊಡುವುದಿತ್ತು?

ಸುವರ್ಣ ಹೇಳತೊಡಗಿದಳು. ಭಾನುವಾರ ಬೆಳಿಗ್ಗೆ ಎದ್ದವನು ನಗುತ್ತಲೇ ಎದ್ದ. ರಾಗಿ ಸರಿ ಮೂರು ಚಮಚ ತಿಂದ, ನಾಲ್ಕನೆಯದನ್ನು ಅವಳ ಕೆನ್ನೆಗೆ ಉಗಿದ. ದನ ಮೇಯಲು ಬಿಡುವ ಹೊತ್ತಿಗೆ ತೊಟ್ಟಿಲಲ್ಲಿ ಮಲಗಿದ್ದವನು ಚೇಳು ಕಡಿದ ಹಾಗೆ ಕಿರುಚಿಕೊಂಡ. ಎತ್ತಿಕೊಂಡರೆ ಕಾಲು ಎಳೆದುಕೊಂಡ, ಬೆವರಿದ. ಆಮೇಲೆ ಸುಮ್ಮನಾದ.

"ಆಮೇಲೆ?"

ಆಮೇಲೆ ಒಲೆಗೆ ಎರಡು ಸಲ ಸೌದೆ ಒಟ್ಟುವಷ್ಟು ಹೊತ್ತು ಬಿಟ್ಟು ಮತ್ತೆ ಅದೇ. ಎಣಿಸಿದಳಂತೆ, ಮಧ್ಯಾಹ್ನದೊಳಗೆ ಹನ್ನೊಂದು ಸಲ. ಹಾಲಿಗೆ ಬಾಯಿ ಹಾಕುತ್ತಿದ್ದ, ಎಳೆಯುತ್ತಿರಲಿಲ್ಲ. ವಾಂತಿ ಮೊದಲು ಬಿಳಿ, ಆಮೇಲೆ ಹಸಿರು. ದೀಪ ಹಚ್ಚಿದ ಮೇಲೆ ಬಟ್ಟೆಯಲ್ಲಿ ಒಂದು ಬೊಟ್ಟು ಕೆಂಪು ಕಂಡಿತು. ಕುಂಕುಮವೇನೋ ಅಂದುಕೊಂಡಳು. ಮೂಸಿ ನೋಡಿದಳು. ಹೊಟ್ಟೆಯ ಬಲಗಡೆ ಮೇಲೆ ಬಾಳೆಕಾಯಿ ಇಟ್ಟ ಹಾಗೆ ಗಂಟು ಕೈಗೆ ಸಿಕ್ಕಿತು; ಒತ್ತಿದರೆ ಅಳುತ್ತಿದ್ದ, ಅದಕ್ಕೆ ಮತ್ತೆ ಮುಟ್ಟಲಿಲ್ಲ.

ತ್ರಿಶಲಾ ಕಣ್ಣು ಮುಚ್ಚಿದಳು. ಪುಸ್ತಕದಲ್ಲಿ ಎರಡು ಪುಟ ಬರೆದದ್ದರಲ್ಲಿ ಒಂದು ಅಕ್ಷರವೂ ಬಿಡದೆ ಈ ಹುಡುಗಿ ನೋಡಿದ್ದಳು. ಆ ಗಂಟನ್ನು ಮಂಚದ ಮೇಲೆ ತನ್ನ ಕೈ ಹುಡುಕಿರಲೇ ಇಲ್ಲ.

"ಆಮೇಲೆ?"

"ಆಮೇಲೆ ಬೆಳಗಾಯ್ತು. ಮಾವ ಗಾಡಿ ಕಟ್ಟಿಸಿದ್ರು," ಎಂದಳು ಸುವರ್ಣ. "ಆಮೇಲೆ ನಿಮ್ಮತ್ರ ಬಂದ್ವಿ."

ಅಲ್ಲಿಗೆ ನಿಲ್ಲಿಸಿದಳು. ತ್ರಿಶಲಾಳಿಗೆ ಮತ್ತೊಮ್ಮೆ ಆಮೇಲೆ ಎನ್ನಲು ಬಾಯಿ ಬರಲಿಲ್ಲ. ಸ್ಟೇಷನ್ನಿನಲ್ಲಿ ಗಾಡಿಯೊಂದು ನಿಂತು, ಬಿಟ್ಟು, ಹೋಯಿತು. ಗೋಡೆಯ ಆಚೆ ಯಾರೋ ಕೊಬ್ಬರಿ ಒಡೆಯುತ್ತಿದ್ದರು.

"ಮೈಸೂರಿಗೆ ಹೋಯ್ತೀರಂತೆ, ಮಕ್ಕಳ ಡಾಕ್ಟ್ರು ಆಗಾಕೆ," ಎಂದಳು ಸುವರ್ಣ ಕೊನೆಗೆ. "ನಮ್ಮತ್ತೆ ಗಾಡೀಲಿ ಹೇಳ್ತಿದ್ರು."

"ಬೇಡ ಅಂದ್ಕೊಂಡಿದೀನಿ."

"ಹೋಗಿ ಅನ್ನಾಕೂ ನಂಗೆ ಬಾಯಿ ಬರಾಕಿಲ್ಲ ಅಕ್ಕಾ, ಬ್ಯಾಡ ಅನ್ನಾಕೂ ಬರಾಕಿಲ್ಲ." ಎದೆಯ ಬಟ್ಟೆ ಒದ್ದೆಯಾಗಿತ್ತು. ಅವಳು ಅದನ್ನು ನೋಡಿಕೊಂಡು, ಸೆರಗು ಮುಚ್ಚಿ, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಮತ್ತೆ ಬರಲಿಲ್ಲ.

ಸೋಮವಾರ ತ್ರಿಶಲಾ ಮೈಸೂರಿನಲ್ಲಿ ಹಾಜರಾದಳು. ಸಹಿ ಹಾಕಿಸಿಕೊಂಡ ಗುಮಾಸ್ತ, ಒಂದು ದಿನ ತಡವಾಗಿದ್ದರೂ ಸೀಟು ಹೋಗುತ್ತಿತ್ತು, ಒಳ್ಳೇ ಸಮಯಕ್ಕೆ ಬಂದಿರಿ ಎಂದ. ಅವಳು ವಾರ್ಡಿಗೆ ನಡೆದಳು, ಮಗುವಿನ ಬಟ್ಟೆ ಒಗೆಯುವವಳನ್ನು ಹುಡುಕಿಕೊಂಡು.